ಅವ್ವನ ಮಶೀನು

14 ಜೂನ್ 2025, ಶನಿವಾರ
ಡೊಂಬಿವಲಿ

ಗುರುವಾರ ರಾತ್ರಿ ಊಟಕ್ಕೆ ಕೂತಾಗ ನೋಡಿದೆ, ಅವ್ವನ ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು. ಕೇಳಿದರೆ, "ಸೂಜಿ ತಾಗೇತಿ, ಏನಿಲ್ಲ" ಅಂದಳು. 40 ವರ್ಷ ಹೊಲಿದ ಕೈ. ನನಗೆ ನಂಬಿಕೆಯಾಗಲಿಲ್ಲ. ಬಿಡದೆ ಕೇಳಿದ ಮೇಲೆ ಬಾಯಿಬಿಟ್ಟಳು. ನಾಲ್ಕು ದಿನದಿಂದ ಸ್ವಿಚ್ ಹಾಕಿದರೆ ಸಾಕು, ಪೆಡಲ್ ಮೇಲೆ ಕಾಲಿಡದಿದ್ದರೂ ಮಶೀನು ಒಂದೇ ಸಮ ಓಡುತ್ತದಂತೆ. ಶಾಲೆ ಶುರುವಾಗುವ ಹೊತ್ತು, ಯೂನಿಫಾರ್ಮ್ ಇನ್ನೂ ಹನ್ನೊಂದು ಬಾಕಿ. ಬಲಗೈಲಿ ಗೋಡೆ ಸ್ವಿಚ್ ಹಾಕುತ್ತ ಆರಿಸುತ್ತ, ಎಡಗೈಲಿ ಬಟ್ಟೆ ದೂಡುತ್ತ ಹಾಗೇ ಹೊಲಿದಿದ್ದಾಳೆ.

"ನನಗ್ಯಾಕ ಹೇಳಲಿಲ್ಲವ್ವಾ?"

"ನೀ ರಾತ್ರಿ ಹತ್ತಕ್ಕ ಬರ್ತಿ. ಬಂದ ಮ್ಯಾಲ ಇದೊಂದು ಕೆಲಸ ಹಚ್ಚಲೇನು?"

ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಮರುದಿನ ಬೆಳಿಗ್ಗೆ ಮೊದಲು ಟಿಟಿ ಇಂಜೆಕ್ಷನ್ ಹಾಕಿಸಿದೆ.

ನಿನ್ನೆ ರಾತ್ರಿ ಪಿನ್ ಕಿತ್ತಿಟ್ಟು ಪೆಡಲಿನ ತಳ ಬಿಚ್ಚಿದೆ. ದಾರದ ಎಳೆ, ಧೂಳು, ನಡುವೆ ಅಂಗೈಗಿಂತ ಸಣ್ಣ ಬೋರ್ಡು. ಸುಟ್ಟ ಕಲೆ ಎಲ್ಲೂ ಇಲ್ಲ. ಆದರೂ ಕಾಲಿಡದೆ ಪೂರ್ತಿ ವೇಗ ಅಂದರೆ ನನ್ನ ಅನುಮಾನ ಬೋರ್ಡಿನ ಮೇಲಿನ ಟ್ರಯಾಕ್ ಅನ್ನುವ ಮೂರು ಕಾಲಿನ ಬಿಡಿಭಾಗದ ಮೇಲೇ. ಸೆಕೆಂಡಿಗೆ 100 ಸಲ ಕರೆಂಟನ್ನು ತಡೆದು, ಕಾಲಿನ ಒತ್ತಡಕ್ಕೆ ತಕ್ಕಷ್ಟು ಮಾತ್ರ ಮೋಟರಿಗೆ ಬಿಡುವುದು ಅದರ ಕೆಲಸ. ಕೆಟ್ಟರೆ ಹೆಚ್ಚಾಗಿ ಶಾರ್ಟ್ ಆಗಿಯೇ ಕೆಡುತ್ತದೆ, ಆಮೇಲೆ ತಡೆಯುವವರೇ ಇಲ್ಲ. ಬೆಸುಗೆ ಕರಗಿಸಿ ಹೊರತೆಗೆದು ಮೀಟರ್ ಹಿಡಿದೆ. ಮೊದಲೆರಡು ಕಾಲುಗಳ ನಡುವೆ ಬೀಪ್. ಕಡ್ಡಿ ಅದಲು ಬದಲು ಮಾಡಿದರೂ ಬೀಪ್. ಒಳ್ಳೆಯದಾಗಿದ್ದರೆ ಅಲ್ಲಿ ಸದ್ದೇ ಬರಬಾರದು. ಮೈಮೇಲೆ ಬಿಟಿ136 ಅಂತ ಸಣ್ಣಕ್ಷರ.

ಇವತ್ತು ದಾದರಿನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್, ಅಲ್ಲಿಂದ ಮಳೆಯಲ್ಲಿ ಲ್ಯಾಮಿಂಗ್ಟನ್ ರೋಡ್, ಮುಂಬಯಿಯ ಎಲೆಕ್ಟ್ರಾನಿಕ್ಸ್ ಬಜಾರು. ಅಂಗಡಿಯ ಮುದುಕರು ಹಳೆಯದನ್ನು ಕನ್ನಡಕದ ಹತ್ತಿರ ಹಿಡಿದು ನೋಡಿ, 4 ಆಂಪಿಯರ್, 600 ವೋಲ್ಟಿನದೇ ಎರಡು ಕೊಟ್ಟರು. ಚಿಲ್ಲರೆ ಎಣಿಸುತ್ತ ಹಿಂದಿಯಲ್ಲಿ ಕೇಳಿದರು: "ಮೋಟರು ಅರ್ಧ ಆಂಪಿಯರಿನದು, ಸುಮ್ಮನೆ ಯಾಕೆ ಹೋಗುತ್ತದೆ? ಎಲ್ಲಾದರೂ ಸಿಕ್ಕಿಹಾಕಿಕೊಂಡಿತ್ತಾ?"

ಮನೆಗೆ ಬಂದು ಅದನ್ನೇ ಅವ್ವನಿಗೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಪಕ್ಕದ ಮನೆ ಹುಡುಗನ ಜೀನ್ಸ್ ತುದಿ ನಾಲ್ಕು ಮಡಿಕೆ ಹೊಲಿಯುವಾಗ ಸೂಜಿ ಸಿಕ್ಕಿ ಮಶೀನು ನಿಂತಿತ್ತಂತೆ. "ಬಿಡ್ತದೇನೋ ಅಂತ ಕಾಲು ಒತ್ತೇ ಹಿಡಿದೆ." ತಿರುಗಲಾಗದೆ ನಿಂತ ಮೋಟರು ಎಷ್ಟೋ ಪಟ್ಟು ಹೆಚ್ಚು ಕರೆಂಟು ಎಳೆಯುತ್ತದೆ. ಅಲ್ಲೇ ಹೋಗಿದೆ. ಬೈಯಲು ಬಾಯಿ ಬರಲಿಲ್ಲ.

ಹೊಸದನ್ನು ಕೂರಿಸಿ, ನೇರ ಲೈನಿಗೆ ಕೊಡದೆ ಮೊದಲು 100 ವಾಟ್ ಬಲ್ಬಿನ ಸೀರೀಸಿನಲ್ಲಿ ನೋಡಿದೆ. ಸ್ವಿಚ್ ಹಾಕಿದೆ, ಬಲ್ಬ್ ಹತ್ತಲಿಲ್ಲ, ಅಂದರೆ ಹೊಸದು ಕರೆಂಟು ತಡೆದು ನಿಂತಿದೆ. ಪೆಡಲ್ ಒತ್ತಿದೆ, ಬಲ್ಬಿನ ತಂತಿ ಕೆಂಪಗಾಗಿ ಮೆಲ್ಲಗೆ ಬೆಳಕಾಯಿತು. ಎಷ್ಟು ಸಮಾಧಾನ!

ಈಗ ಅವ್ವ ಹೊಲಿಯುತ್ತಿದ್ದಾಳೆ. ಪ್ರತಿ ಹೊಲಿಗೆ ಮುಗಿದಾಗಲೂ ಅವಳ ಬಲಗೈ ತಾನಾಗಿ ಗೋಡೆ ಸ್ವಿಚ್ಚಿನ ಕಡೆ ಹೋಗಿ ಅರ್ಧದಲ್ಲೇ ನಿಲ್ಲುತ್ತದೆ. ನಾಲ್ಕೇ ದಿನಕ್ಕೆ ರೂಢಿಯಾಗಿಬಿಟ್ಟಿದೆ. ಮೊನ್ನೆ ಬಿಪಿ ಗುಳಿಗೆ ಇನ್ನೂ ಅದಾವ ಅಂದಿದ್ದಳು. ತಂದು ಒಂದೂವರೆ ತಿಂಗಳ ಮೇಲಾಯಿತು, ತಂದದ್ದು 30. ಡಬ್ಬಿ ಒಮ್ಮೆ ತೆಗೆದು ನೋಡಬೇಕು.