ಎರಡು ಪಿಯಾನೋ, ಒಂದು ಆರ್ಕೆಸ್ಟ್ರಾ: ಉತ್ಸವದ ತಯಾರಿ ಎಲ್ಲಿಗೆ ಬಂತು

ಕೊನೆಗೂ ಕೃತಿ ಯಾವುದು ಅಂತ ತೀರ್ಮಾನ ಆಯ್ತು. ನಾನು ಮತ್ತು ಅಕ್ಕ ಉತ್ಸವದಲ್ಲಿ ನುಡಿಸೋದು ಮೊಜಾರ್ಟ್‌ನ ಎರಡು ಪಿಯಾನೋಗಳ ಕನ್ಸರ್ಟೋ, ಅಂದರೆ ಮುಖ್ಯ ವಾದ್ಯ ಆರ್ಕೆಸ್ಟ್ರಾ ಜೊತೆ ನುಡಿಯುವ ಕೃತಿ. ಇ-ಫ್ಲಾಟ್ ಮೇಜರ್ ಸ್ವರಶ್ರೇಣಿ, ಅವನ ಕೃತಿಗಳ ಪಟ್ಟಿಯಲ್ಲಿ ಕೆ. 365.

ಫ್ರೆಂಚ್ ಸಂಗೀತಕಾರ ಪುಲೆಂಕ್ ಎರಡು ಪಿಯಾನೋಗೇ ಬರೆದ ಡಿ ಮೈನರ್ ಕನ್ಸರ್ಟೋ ಮೇಲೂ ತುಂಬ ಆಸೆ ಇತ್ತು. ಅದು ಮೊದಲು ಕೇಳಿಬಂದದ್ದೇ ಒಂದು ಉತ್ಸವದಲ್ಲಿ, 1932ರಲ್ಲಿ ವೆನಿಸ್‌ನಲ್ಲಿ. ಪಿಯಾನೋಗಳ ಮುಂದೆ ಪುಲೆಂಕ್ ಮತ್ತು ಗೆಳೆಯ ಜಾಕ್ ಫೆವ್ರಿಯೆ, ಜೊತೆಗೆ ಮಿಲಾನ್‌ನ ಲಾ ಸ್ಕಾಲಾ ಒಪೆರಾ ಮನೆಯ ಆರ್ಕೆಸ್ಟ್ರಾ. ಮೊದಲ ಭಾಗದ ಕೊನೆಯಲ್ಲಿ ಬಾಲಿಯ ಗಾಮೆಲಾನ್ (ಕಂಚಿನ ತಾಳವಾದ್ಯಗಳ ಮೇಳ) ನಾದದ ನೆರಳು ಬರುತ್ತದಲ್ಲ, ಅದನ್ನು ಎಷ್ಟು ಸಲ ಕೇಳಿದರೂ ಸಾಲದು. ಆದರೆ ಅದಕ್ಕೆ ಟ್ರೊಂಬೋನ್, ಟ್ಯೂಬಾ ಎಂಬ ಹಿತ್ತಾಳೆ ಊದುವಾದ್ಯಗಳು, ತಾಳವಾದ್ಯಗಳ ದೊಡ್ಡ ಸಾಲೇ ಬೇಕು. ನಮಗೆ ಆರ್ಕೆಸ್ಟ್ರಾ ಜೊತೆ ಸಿಗುವ ರಿಹರ್ಸಲ್ ತುಂಬ ಕಡಿಮೆ. ಮೊಜಾರ್ಟ್‌ಗೆ ಎರಡೆರಡು ಓಬೋ, ಬಸೂನ್, ಹಾರ್ನ್ ಎಂಬ ಊದುವಾದ್ಯಗಳು, ಜೊತೆಗೆ ತಂತಿವಾದ್ಯಗಳಿದ್ದರೆ ಸಾಕು. ಇದನ್ನು ಅವನು ತನ್ನ ಅಕ್ಕ ನಾನೆರ್ಲ್ ಜೊತೆ ನುಡಿಸಲೆಂದೇ ಬರೆದ ಅಂತ ಹೇಳುತ್ತಾರೆ. ನಮ್ಮಿಬ್ಬರಿಗೆ ಇನ್ನೇನು ಬೇಕು?

ಇಲ್ಲಿ ಒಂದನೇ ಪಿಯಾನೋ, ಎರಡನೇ ಪಿಯಾನೋ ಅಂತ ಮೇಲು ಕೀಳಿಲ್ಲ. ಒಂದು ಹೇಳಿದ ಮಾತನ್ನು ಇನ್ನೊಂದು ಸ್ವಲ್ಪ ಬದಲಿಸಿ ಹೇಳುತ್ತದೆ. ಹಾಗಾಗಿ ಅಕ್ಕನ ಸಾಲು ನನಗೆ ಬಾಯಿಪಾಠ ಆಗದೆ ನನ್ನ ಸಾಲು ಕೂರುವುದಿಲ್ಲ. ಈಗ ಇಬ್ಬರೂ ಎರಡೂ ಪಿಯಾನೋದ ಸಾಲು ಕಲಿತಿದ್ದೇವೆ. ಆಗಾಗ ಜಾಗ ಬದಲಿಸಿಕೊಂಡು ನುಡಿಸುತ್ತೇವೆ. ಇದರಿಂದ ಆದಷ್ಟು ಲಾಭ ಬೇರೆ ಯಾವ ಅಭ್ಯಾಸದಿಂದಲೂ ಆಗಿಲ್ಲ.

ಜಾಸ್ತಿ ಸಮಯ ತಿಂದದ್ದು ನಮ್ಮ ಮೊದಲ ಪ್ರವೇಶ. ಆರ್ಕೆಸ್ಟ್ರಾದ ಪೀಠಿಕೆ ಮುಗಿದ ಮೇಲೆ ಎರಡೂ ಪಿಯಾನೋ ಒಟ್ಟಿಗೆ ಇ-ಫ್ಲಾಟ್ ಸ್ವರದ ಮೇಲೆ ಟ್ರಿಲ್ (ಪಕ್ಕಪಕ್ಕದ ಎರಡು ಸ್ವರಗಳನ್ನು ವೇಗವಾಗಿ ಅದಲುಬದಲಾಗಿ ನುಡಿಸುವುದು) ಹಿಡಿದು ಒಳಗೆ ಬರುತ್ತವೆ. ಪಿಟೀಲಿನ ಸ್ವರ ಮೆಲ್ಲಗೆ ಶುರುವಾಗಬಹುದು, ಒಬ್ಬರು ಕೂದಲೆಳೆ ತಡವಾದರೂ ಬೆರೆತುಹೋಗುತ್ತದೆ. ಪಿಯಾನೋದಲ್ಲಿ ಆಗಲ್ಲ. ಸುತ್ತಿಗೆ ತಂತಿಗೆ ಬಿದ್ದ ಕ್ಷಣ ಸ್ಪಷ್ಟವಾಗಿ ಕೇಳುತ್ತದೆ. ಇಬ್ಬರ ನಡುವೆ ಚೂರು ಅಂತರ ಬಂದರೂ 'ಟ' ಅನ್ನುವ ಜಾಗದಲ್ಲಿ 'ಟಟ' ಕೇಳುತ್ತದೆ.

ನಾನು ತಲೆ ಆಡಿಸಿ ಸನ್ನೆ ಕೊಡುತ್ತಿದ್ದೆ. ಅಕ್ಕ, "ತಲೆ ಆಡಿಸಬೇಡ ಕಣೇ, ಅದನ್ನ ನೋಡ್ಕೊಂಡು ಬಂದ್ರೆ ನಾನು ತಡ ಆಗ್ತೀನಿ" ಅಂದಳು. ಈಗ ಒಂದು ಬೀಟ್ ಮೊದಲು ಇಬ್ಬರೂ ಒಟ್ಟಿಗೆ ಉಸಿರು ಎಳೆದುಕೊಳ್ಳುತ್ತೇವೆ. ಟ್ರಿಲ್ ಶುರುವಾಗುವುದು ಎರಡು ಸ್ವರಗಳಲ್ಲಿ ಮೇಲಿನದರಿಂದಲೇ, ಮೊದಲ ಎರಡು ಸ್ವರ ಸ್ವಲ್ಪ ನಿಧಾನ, ಆಮೇಲೆ ವೇಗ. ಕಣ್ಣು ಮುಚ್ಚಿಕೊಂಡು ನುಡಿಸಿ ನೋಡಿದೆವು, ಸರಿಯಾಗಿ ಕೂರುತ್ತಿದೆ.

ಆರ್ಕೆಸ್ಟ್ರಾ ಜೊತೆ ಮೊದಲ ರಿಹರ್ಸಲ್ ಕೂಡ ಆಯ್ತು. ಎರಡು ಗ್ರ್ಯಾಂಡ್ ಪಿಯಾನೋಗಳನ್ನು ಒಂದರ ತಿರುವಿಗೆ ಇನ್ನೊಂದರ ತಿರುವು ಹೊಂದುವಂತೆ ಇಟ್ಟಿದ್ದರು. ನಾವು ಎದುರುಬದುರು. ಹೀಗಿಟ್ಟಾಗ ಒಂದರ ಮುಚ್ಚಳ ಕೇಳುಗರ ಕಡೆ ತೆರೆಯುತ್ತದೆ. ಇನ್ನೊಂದರದು ಉಲ್ಟಾ ತೆರೆಯುವುದರಿಂದ ಅದನ್ನು ಕಳಚಿಯೇ ಇಡಬೇಕು. ಮುಚ್ಚಳ ಇಲ್ಲದ್ದು ನನ್ನ ಪಾಲಿಗೆ ಬಂತು. ನಾದ ನೇರ ಮೇಲಕ್ಕೆ ಹೋಗುತ್ತದೆ, ಸಭೆಗೆ ಅಕ್ಕನದಷ್ಟು ತೀಕ್ಷ್ಣವಾಗಿ ತಲುಪುವುದಿಲ್ಲ. ಹಾಗಾಗಿ ನಾನು ಸ್ವರವನ್ನು ಎಳೆದು ಹಿಡಿಯುವ ಪೆಡಲ್ ಕಡಿಮೆ ಮಾಡಿ, ಬೆರಳನ್ನು ಇನ್ನಷ್ಟು ಚುರುಕಾಗಿ ಎತ್ತುತ್ತಿದ್ದೇನೆ.

ಇನ್ನೊಂದು ವಿಷಯ ದೂರ. ಶಬ್ದ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಹನ್ನೆರಡು ಮೀಟರ್ ಹಿಂದೆ ಕೂತ ಹಾರ್ನ್ ನಮ್ಮ ಕಿವಿಗೆ ಬರುವಾಗಲೇ 35 ಮಿಲಿಸೆಕೆಂಡ್ ಕಳೆದಿರುತ್ತದೆ. ಅದನ್ನು ಕೇಳಿಕೊಂಡು ನುಡಿಸಿದರೆ ಎಳೆದಂತಾಗುತ್ತದೆ. ದೂರದವರ ವಿಷಯದಲ್ಲಿ ಕಂಡಕ್ಟರ್ ಕೋಲೇ ಗತಿ. ನಮ್ಮಿಬ್ಬರ ನಡುವೆ ಮಾತ್ರ ಕಿವಿ.

ಶ್ರುತಿಯ ಕೆಲಸ ಸಲೀಸಾಗಿ ಮುಗಿಯಿತು. ಎರಡೂ ಪಿಯಾನೋಗಳನ್ನು ಮೊದಲು ಒಂದಕ್ಕೊಂದು ಹೊಂದಿಸಿ, ಆಮೇಲೆ ಓಬೋ ಪಿಯಾನೋದಿಂದ 'ಎ' ಸ್ವರ ತೆಗೆದುಕೊಂಡಿತು.

ಬಾಕಿ ಇರೋದು ಕಡೆನ್ಸಾಗಳು, ಅಂದರೆ ಆರ್ಕೆಸ್ಟ್ರಾ ಸುಮ್ಮನಿದ್ದು ಪಿಯಾನೋಗಳು ಮಾತ್ರ ನುಡಿಯುವ ಜಾಗಗಳು. ಮೊದಲ ಮತ್ತು ಕೊನೆಯ ಭಾಗಕ್ಕೆ ಮೊಜಾರ್ಟ್‌ನೇ ಬರೆದ ಕಡೆನ್ಸಾಗಳು ಉಳಿದಿವೆ, ನಾವು ಅವನ್ನೇ ನುಡಿಸುತ್ತೇವೆ. ಮುಗಿಯುವ ಟ್ರಿಲ್‌ನಿಂದ ಆರ್ಕೆಸ್ಟ್ರಾವನ್ನು ಒಳಗೆ ಕರೆಯಬೇಕಾದವರು ನಾವು, ಕಂಡಕ್ಟರ್ ಅಲ್ಲ. ಆ ಟ್ರಿಲ್ ಎಷ್ಟು ಉದ್ದ ಇರಬೇಕು ಅನ್ನೋದರ ಬಗ್ಗೆ ಅಕ್ಕನಿಗೂ ನನಗೂ ಇನ್ನೂ ಒಮ್ಮತ ಇಲ್ಲ. ಅವಳಿಗೆ ಉದ್ದ ಬೇಕು, ನನಗೆ ಚಿಕ್ಕದು. ಮುಂದಿನ ರಿಹರ್ಸಲ್‌ನಲ್ಲಿ ಎರಡನ್ನೂ ನುಡಿಸಿ ಕಂಡಕ್ಟರ್ ಹತ್ತಿರವೇ ಕೇಳುತ್ತೇವೆ.