ಬನಶಂಕರಿ ಜಾತ್ರೆಯ ಆಟಗಳು: ಯಾವುದು ಮೊದಲು, ಯಾವುದು ಆಮೇಲೆ

ಯಾಕೆ ಈ ಲೆಕ್ಕ

ಬಾಗಲಕೋಟೆಯಿಂದ ಮಧ್ಯಾಹ್ನ ಹೊರಟು ರಾತ್ರಿ ಮಲಗುವ ಹೊತ್ತಿಗೆ ಮನೆ ಸೇರಬೇಕು ಅನ್ನುವವರಿಗೆ ಬನಶಂಕರಿಯ ಆಟದ ಬಯಲಿನಲ್ಲಿ ಸಿಗುವುದು ಹೆಚ್ಚೆಂದರೆ ನಾಲ್ಕು ತಾಸು. ಬಾದಾಮಿಯಿಂದ ಜಾತ್ರೆ ನಡೆಯುವ ಚೊಳಚಗುಡ್ಡಕ್ಕೆ ಐದೇ ಕಿಲೋಮೀಟರ್ ಆದರೂ ಜಾತ್ರೆಯಲ್ಲಿ ಆ ಐದು ಕಿಲೋಮೀಟರಿಗೆ ಬೇರೆಯೇ ಲೆಕ್ಕ. ದೇವಿಯ ದರ್ಶನದ ಪಾಳಿ ಮತ್ತೊಂದು. ಉಳಿದ ಹೊತ್ತಿನಲ್ಲಿ ತೊಟ್ಟಿಲು (ಬುಟ್ಟಿಗಳ ದೊಡ್ಡ ಚಕ್ರ), ಕೊಲಂಬಸ್ (ತೂಗುವ ದೋಣಿ), ಬ್ರೇಕ್ ಡಾನ್ಸ್ (ಗಿರಗಿರ ತಿರುಗುವ ಬೋಗಿಗಳು), ಡ್ರ್ಯಾಗನ್ ರೈಲು, ಮೌತ್ ಕಾ ಕುವಾ (ಹಲಗೆಯ ಬಾವಿಯ ಗೋಡೆಯ ಮೇಲೆ ಬೈಕ್ ಓಡಿಸುವ ಆಟ) ಎಲ್ಲ ಆಗಬೇಕು. ಯಾವ ಮಗುವಿಗೂ ವಾಂತಿ ಆಗಬಾರದು, ಪಾಳಿಯಲ್ಲಿ ನಿಂತೇ ಅರ್ಧ ಜಾತ್ರೆ ಮುಗಿಯಬಾರದು. ಮೂರು ವರ್ಷದಿಂದ ಕೈಗಡಿಯಾರ ಹಿಡಿದು ತಿದ್ದುತ್ತ ಬಂದ ಯೋಜನೆ ಇದು.

2024: ದೊಡ್ಡ ಪಾರ್ಕಿನ ಸೂತ್ರ ಇಲ್ಲಿ ನಡೆಯಲಿಲ್ಲ

ಬಿಡದಿಯ ವಂಡರ್‌ಲಾದಂಥ ಪಾರ್ಕಿಗೆ ಹೋಗುವವರು ಹಿಡಿಯುವ ಸೂತ್ರ ಒಂದೇ: ಬಾಗಿಲು ತೆರೆದ ಕೂಡಲೇ ಎಲ್ಲಕ್ಕಿಂತ ದೊಡ್ಡ ಆಟಕ್ಕೆ ಓಡು, ಸಣ್ಣವನ್ನು ಆಮೇಲೆ ನೋಡು. ಅಲ್ಲಿ ಅದು ಸರಿ. ಒಳಗೆ ಬರುವಾಗಲೇ ದುಡ್ಡು ಕೊಟ್ಟಾಗಿರುತ್ತದೆ, ಆಟ ಅರ್ಧ ಖಾಲಿ ಇದ್ದರೂ ಓಡುತ್ತದೆ, ಬೆಳಗ್ಗೆ ಪಾಳಿ ಚಿಕ್ಕದಿರುತ್ತದೆ.

ಜಾತ್ರೆಯಲ್ಲಿ ಪ್ರತಿ ಆಟಕ್ಕೂ ಬೇರೆ ಟಿಕೆಟ್. ಜನರೇಟರಿನ ಡೀಸೆಲ್ ಖರ್ಚು ಒಂದೊಂದು ಸುತ್ತಿಗೂ ಹುಟ್ಟಬೇಕು. ಹಾಗಾಗಿ ಮಧ್ಯಾಹ್ನ 3 ಗಂಟೆಗೆ ಕೊಲಂಬಸ್ ಹತ್ತಿದರೆ ಮುಂದೆ ಪಾಳಿ ಇರುವುದಿಲ್ಲ, ನಿಜ. ಆದರೆ ದೋಣಿ ತುಂಬುವತನಕ ಬಿಸಿಲಲ್ಲಿ ಕುಳಿತಿರಬೇಕು. ಇಪ್ಪತ್ತು ನಿಮಿಷ ಕೂತು ಮೂರು ನಿಮಿಷ ತೂಗುವುದು. ಮಕ್ಕಳು ಅಷ್ಟರಲ್ಲೇ ಬೇಸತ್ತಿರುತ್ತಾರೆ. ಸಂಜೆ 7ರ ನಂತರ ಇದರ ತದ್ವಿರುದ್ಧ: ಆಟ ಕ್ಷಣದಲ್ಲಿ ತುಂಬುತ್ತದೆ, ನಮ್ಮ ಪಾಳಿ ಬರುವುದಿಲ್ಲ.

ಅಂದರೆ ಕಾಯುವುದರಲ್ಲಿ ಎರಡು ಜಾತಿ. ಒಂದು, ಆಟ ತುಂಬಲಿ ಎಂದು ಕಾಯುವುದು. ಇನ್ನೊಂದು, ನಮಗೆ ಜಾಗ ಸಿಗಲಿ ಎಂದು ಕಾಯುವುದು. ಮೊದಲನೆಯದು ಮುಗಿದು ಎರಡನೆಯದು ಶುರುವಾಗುವ ನಡುವೆ ಒಂದು ಸಂದು ಇದೆ, ಸುಮಾರು 5ರಿಂದ 6.30. ದೊಡ್ಡ ಆಟಗಳನ್ನೆಲ್ಲ ಆ ಒಂದೂವರೆ ತಾಸಿನಲ್ಲೇ ಮುಗಿಸಬೇಕು ಎಂಬುದು ಆ ವರ್ಷ ಕೈಗೆ ಬಂದ ಮುಖ್ಯ ಮಾತು. ಆಮೇಲಿನ ತಿದ್ದುಪಡಿ ಎಲ್ಲ ಅದರ ಒಳಗಿನ ಕ್ರಮದ್ದು.

ದಿನದ ಆಯ್ಕೆ ಕೂಡ ತಪ್ಪಿತ್ತು. 2024ರಲ್ಲಿ ಬನದ ಹುಣ್ಣಿಮೆ, ಅಂದರೆ ತೇರಿನ ದಿನ, ಜನವರಿ 25, ಗುರುವಾರ. ಮರುದಿನ ಗಣರಾಜ್ಯೋತ್ಸವ, ಅದರ ಬೆನ್ನಿಗೇ ಶನಿವಾರ, ಭಾನುವಾರ. ತೇರಿನ ದಿನದಿಂದ ಎಣಿಸಿದರೆ ನಾಲ್ಕು ದಿನ ಬಯಲಿನಲ್ಲಿ ಕಾಲಿಡಲು ಜಾಗ ಇರಲಿಲ್ಲ.

2025: ಪಾಳಿಯ ಲೆಕ್ಕ

ಪಾಳಿ ಎಷ್ಟು ಉದ್ದ ಇದೆ ಎಂದು ಕಣ್ಣಲ್ಲಿ ನೋಡಿ ಅಂದಾಜು ಮಾಡಿದರೆ ಮೋಸ ಹೋಗುತ್ತೇವೆ. ಮುಂದೆ ನಿಂತ ಮಂದಿಯನ್ನು ಎಣಿಸಿ, ಒಂದು ಸುತ್ತಿಗೆ ಹಿಡಿಯುವ ಮಂದಿಯಿಂದ ಭಾಗಿಸಿ, ಒಂದು ಸುತ್ತಿನ ಪೂರ್ತಿ ಹೊತ್ತಿನಿಂದ ಗುಣಿಸಬೇಕು. ಪೂರ್ತಿ ಹೊತ್ತು ಅಂದರೆ ಹತ್ತುವುದು, ಆಡುವುದು, ಇಳಿಯುವುದು ಮೂರೂ ಸೇರಿ.

ಕೊಲಂಬಸ್‌ಗೆ 40 ಮಂದಿ ಹಿಡಿಯುತ್ತಾರೆ, ಎರಡೂ ಕಡೆಯಿಂದ ಹತ್ತುತ್ತಾರೆ, ಒಂದು ಸುತ್ತು 7 ನಿಮಿಷ. ಮುಂದೆ 80 ಮಂದಿ ಇದ್ದರೆ 14 ನಿಮಿಷ, ಅಷ್ಟೇ. ತೊಟ್ಟಿಲಿನದು ಹಾಗಲ್ಲ. 16 ಬುಟ್ಟಿ, ಒಂದಕ್ಕೆ ನಾಲ್ವರಂತೆ 64 ಮಂದಿ. ಆದರೆ ಒಂದೊಂದೇ ಬುಟ್ಟಿಯನ್ನು ಕೆಳಗೆ ತಂದು ನಿಲ್ಲಿಸಿ ಹಳಬರನ್ನು ಇಳಿಸಿ ಹೊಸಬರನ್ನು ಹತ್ತಿಸಬೇಕು. ಬುಟ್ಟಿಗೆ 40 ಸೆಕೆಂಡು ಹಿಡಿದರೂ ಬದಲಾವಣೆಗೇ 10 ನಿಮಿಷದ ಮೇಲೆ ಹೋಗುತ್ತದೆ, ಅದರ ಮೇಲೆ 3 ನಿಮಿಷ ತಿರುಗುವುದು. ಅದೇ 80 ಮಂದಿ ತೊಟ್ಟಿಲಿನ ಮುಂದೆ ನಿಂತಿದ್ದರೆ ಒಂದು ಸುತ್ತು ಪೂರ್ತಿ ಹೋಗಿ, ಎರಡನೆಯದರ ಕಾಲುಭಾಗವೂ ಅವರದೇ. ಕಾಯುವುದು 17 ನಿಮಿಷದ ಹತ್ತಿರ. ಸೆರಗು, ಚಪ್ಪಲಿ, ಕೂಸು ಎಲ್ಲ ಸಂಭಾಳಿಸಿಕೊಂಡು ಹತ್ತುವ ದೊಡ್ಡ ಕುಟುಂಬಗಳು ಹೆಚ್ಚಿದ್ದರೆ ಬುಟ್ಟಿಗೆ ಒಂದು ನಿಮಿಷ ಹಿಡಿಯಿರಿ. ಆಗ 24 ನಿಮಿಷ.

ತೊಟ್ಟಿಲಿನಲ್ಲಿ ಇನ್ನೊಂದು ಸೂಕ್ಷ್ಮ. ತೂಕ ಒಂದೇ ಕಡೆ ಬೀಳದಿರಲೆಂದು ಆಪರೇಟರ್ ಎದುರುಬದುರು ಬುಟ್ಟಿಗಳನ್ನು ತುಂಬುತ್ತಾನೆ. ಸಾಲಿನಲ್ಲಿ ಮುಂದೆ ಇದ್ದವರನ್ನು ಬಿಟ್ಟು ಹಿಂದಿನ ನಾಲ್ವರನ್ನು ಕರೆದರೆ ಜಗಳ ತೆಗೆಯಬೇಡಿ, ಆತ ತೂಕ ನೋಡುತ್ತಿದ್ದಾನೆ. ಮೊದಲು ಹತ್ತಿದವರು ಉಳಿದ ಬುಟ್ಟಿಗಳು ತುಂಬುವತನಕ ಮೇಲೆ ನಿಧಾನಕ್ಕೆ ತೂಗುತ್ತ ಕೂರುತ್ತಾರೆ. ಎತ್ತರ ಅಂದರೆ ಹೆದರುವವರಿಗೆ ಇದು ದೊಡ್ಡ ಸಂಕಟ, ನೋಟ ಬೇಕೆನ್ನುವವರಿಗೆ ಇದೇ ಲಾಭ.

ಆ ವರ್ಷ ಹುಣ್ಣಿಮೆ ಜನವರಿ 13, ಮರುದಿನವೇ ಸಂಕ್ರಮಣ. ಎಳ್ಳು ಬೆಲ್ಲದ ಮಂದಿಯೂ ತೇರಿನ ಮಂದಿಯೂ ಒಟ್ಟಿಗೆ ಬಂದರು. ಯೋಜನೆಯಲ್ಲಿ ಬ್ರೇಕ್ ಡಾನ್ಸನ್ನು ಕೊನೆಗೆ ಇಟ್ಟಿದ್ದೆವು, ಹೊಟ್ಟೆ ಕೆಟ್ಟರೂ ಉಳಿದ ಆಟ ಕೆಡದಿರಲಿ ಎಂದು. ಅದು ಎರಡು ಕಾರಣಕ್ಕೆ ತಪ್ಪು. ಕತ್ತಲಾದ ಮೇಲೆ ಬಣ್ಣದ ದೀಪ, ಹಾಡು ಎಲ್ಲ ಇರುವುದರಿಂದ ಹರೆಯದ ಹುಡುಗರ ಪಾಳಿ ಅಲ್ಲೇ ಉದ್ದ. ಎರಡನೆಯದು, ತಲೆ ಸುತ್ತಿಕೊಂಡೇ ಬಸ್ ಹತ್ತಿ ಬಾಗಲಕೋಟೆಯತನಕ ಕೂರಬೇಕು. ವಾಂತಿ ಆಟದಲ್ಲಿ ಆಗಲಿಲ್ಲ, ಬಸ್ಸಿನಲ್ಲಿ ಆಯಿತು.

2026: ಕ್ರಮ ಕೂಡಿಬಂತು

ಹುಣ್ಣಿಮೆ ಜನವರಿ 3, ಶನಿವಾರ. ತೇರು ಮುಗಿದ ಮೇಲೆ ಸಂಕ್ರಮಣಕ್ಕೆ ಹತ್ತು ದಿನದ ಮೇಲೆ ಬಿಡುವು ಇತ್ತು, ಜಾತ್ರೆಯೂ ತಿಂಗಳ ಹತ್ತಿರ ನಡೆಯುತ್ತದೆ. ಮಂಗಳವಾರ, ಶುಕ್ರವಾರ ದೇವಿಯ ವಾರ, ದರ್ಶನದ ಮಂದಿ ಹೆಚ್ಚು. ಶನಿವಾರ, ಭಾನುವಾರ ಹೇಳುವುದೇ ಬೇಡ. ಉಳಿದದ್ದು ಸೋಮವಾರ, ಬುಧವಾರ, ಗುರುವಾರ. ಆಟಕ್ಕೆಂದೇ ಹೋಗುವವರು ತೇರಿನ ದಿನ ಹೋಗಬೇಡಿ. ತೇರು ನೋಡಲು ಹೋದರೆ ತೇರು ನೋಡಿ, ಕೈಮುಗಿದು ಬನ್ನಿ.

ಊಟ ಮೊದಲು. ಗುಡಿಯ ಮುಂದಿನ ಹೊಂಡ ಹರಿದ್ರಾ ತೀರ್ಥದ ದಂಡೆಯಲ್ಲಿ ಬುಟ್ಟಿ ಹೊತ್ತು ಬರುವ ಅಜ್ಜಿಯರ ಹತ್ತಿರ ಜೋಳದ ರೊಟ್ಟಿ, ಕಾಳುಪಲ್ಯ, ಕೆಂಪು ಚಟ್ನಿ, ಕುಡಿಕೆಯ ಮೊಸರು. 2.30ರೊಳಗೆ ಇದು ಮುಗಿಯಬೇಕು, ಯಾಕೆಂದರೆ ಜೋರಾಗಿ ತಿರುಗುವ ಆಟಕ್ಕೂ ಊಟಕ್ಕೂ ಎರಡು ತಾಸಿನ ಅಂತರ ಬೇಕು. ಪೂರ್ತಿ ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಮಿರ್ಚಿ, ಗಿರಮಿಟ್ಟು ಎಲ್ಲ ಆಟ ಮುಗಿದ ಮೇಲೆ, ಮಕ್ಕಳು ಎಷ್ಟೇ ಕಾಡಲಿ.

3.30ರಿಂದ 5ರವರೆಗೆ ಸಣ್ಣ ಆಟ: ಡ್ರ್ಯಾಗನ್ ರೈಲು, ಕುದುರೆ ಆಟ, ಗಾಳಿ ತುಂಬಿದ ಜಂಪಿಂಗ್. ಇವಕ್ಕೆ ಹತ್ತು ಮಕ್ಕಳು ಕೂಡಿದರೆ ಸಾಕು, ಶುರು ಮಾಡುತ್ತಾರೆ. ಜಂಪಿಂಗ್‌ನ ರಬ್ಬರು ಬಿಸಿಲಿಗೆ ಸುಡುತ್ತದೆ, ಮಕ್ಕಳನ್ನು 4.30ರ ಮೇಲೆ ಒಳಗೆ ಬಿಡಿ. ಕಾಲುಚೀಲ ಇದ್ದರೆ ಒಳ್ಳೆಯದು.

5ಕ್ಕೆ ಬ್ರೇಕ್ ಡಾನ್ಸ್, ದೊಡ್ಡವುಗಳಲ್ಲಿ ಮೊದಲನೆಯದು. ಕೆಳಗಿನ ತಟ್ಟೆ ಒಂದು ಕಡೆ ತಿರುಗುತ್ತದೆ, ಅದರ ಮೇಲಿನ ಬೋಗಿಗಳ ಗುಂಪು ಬೇರೆ ತಿರುಗುತ್ತದೆ, ಬೋಗಿ ತನ್ನಷ್ಟಕ್ಕೆ ಮತ್ತೊಂದು ಸುತ್ತು ಹೊಡೆಯುತ್ತದೆ. ಕಿವಿಯೊಳಗಿನ ಸಮತೋಲದ ಅಂಗ ಒಂದು ಹೇಳಿದರೆ ಕಣ್ಣು ಇನ್ನೊಂದು ಹೇಳುತ್ತದೆ, ಹೊಟ್ಟೆ ತೊಳಸುವುದು ಅದಕ್ಕೇ. ಬೋಗಿಯ ಸುತ್ತನ್ನು ನಾವೇ ಒಂದಿಷ್ಟು ಹತೋಟಿಯಲ್ಲಿ ಇಡಬಹುದು. ಹೆಚ್ಚು ಕಡಿಮೆ ಒಂದೇ ತೂಕದ ಇಬ್ಬರು ಎಡಕ್ಕೊಬ್ಬರು ಬಲಕ್ಕೊಬ್ಬರು ಕೂತರೆ ಸುತ್ತು ಕಡಿಮೆ. ತೂಕ ಒಂದೇ ಮೂಲೆಗೆ ಬಿದ್ದರೆ ಬೋಗಿ ಗಿರಗಿರ ತಿರುಗುತ್ತದೆ. ತಲೆಯನ್ನು ಬೆನ್ನಿನ ಆಸರೆಗೆ ಒತ್ತಿ ಹಿಡಿಯಬೇಕು. ಸುತ್ತುವಾಗ ಕತ್ತು ಹೊರಳಿಸಿ ಹಿಂದಿನವರನ್ನು ನೋಡಿದರೆ ತಲೆಸುತ್ತು ತಕ್ಷಣ ಹಿಡಿದುಕೊಳ್ಳುತ್ತದೆ. ಬಸ್ಸಿನಲ್ಲಿ ವಾಂತಿ ಮಾಡುವ ಮಕ್ಕಳಿಗೆ ಈ ಆಟವೇ ಬೇಡ.

ಇಳಿದ ಮೇಲೆ ಇಪ್ಪತ್ತು ನಿಮಿಷ ಬಳೆ ಅಂಗಡಿಗಳ ಸಾಲಿನಲ್ಲಿ ನಡೆದಾಡಿ, ಆಮೇಲೆ ಕೊಲಂಬಸ್. ದೋಣಿಯ ಅಡಿಯಲ್ಲಿ ಮೋಟರಿನ ಟೈರು ಇದೆ, ದೋಣಿ ಅದರ ಮೇಲೆ ಹಾದಾಗೆಲ್ಲ ಅದು ತಳ್ಳುತ್ತದೆ, ಕೊನೆಗೆ ಅದೇ ತಡೆದು ನಿಲ್ಲಿಸುತ್ತದೆ. ಎಂಟು ಮೀಟರ್ ತೋಳಿನ ದೋಣಿಗೆ ಹೋಗಿ ಬರಲು ಸುಮಾರು ಆರು ಸೆಕೆಂಡು. ನಡುವಿನ ಸಾಲಿನಲ್ಲಿ ತೂಗು ಕಡಿಮೆ, ಎರಡೂ ತುದಿಯಲ್ಲಿ ಹೆಚ್ಚು. ಮೊದಲ ಸಲದವರು ನಡುವೆ ಕೂರಲಿ. ಮೊದಲ ನಾಲ್ಕೈದು ತೂಗು ಚಿಕ್ಕವು. ಮಗು ಅಳುತ್ತದೆ ಅನಿಸಿದರೆ ಆಗಲೇ ಕೈ ಎತ್ತಿ ಕೂಗಬೇಕು. ಪೂರ್ತಿ ಎತ್ತರಕ್ಕೆ ಹೋದ ಮೇಲೆ ಕೂಗಿದರೂ ನಿಲ್ಲಿಸಲು ಹೊತ್ತು ಹಿಡಿಯುತ್ತದೆ.

ತೊಟ್ಟಿಲಿನ ಪಾಳಿಗೆ 5.45ಕ್ಕೆ ನಿಲ್ಲಬೇಕು. ಜನವರಿಯಲ್ಲಿ ಇಲ್ಲಿ ಹೊತ್ತು ಮುಳುಗುವುದು 6.10ರಿಂದ 6.25ರೊಳಗೆ. ಲೆಕ್ಕ ಸರಿ ಕೂತರೆ ಬುಟ್ಟಿ ಮೇಲಿದ್ದಾಗ ಬಾದಾಮಿ ಕಡೆಯ ಗುಡ್ಡದ ಮೇಲೆ ಕೊನೆಯ ಬಿಸಿಲು, ಕೆಳಗೆ ಒಂದೊಂದೇ ಅಂಗಡಿಯ ದೀಪ. ಇದಕ್ಕಾಗಿ ಬೇರೆ ಯಾವ ಆಟ ಬಿಟ್ಟರೂ ನಷ್ಟವಿಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೌತ್ ಕಾ ಕುವಾ ಕತ್ತಲಾದ ಮೇಲೆ. ಅಲ್ಲಿ ನಾವು ಆಡುವುದಿಲ್ಲ, ಹಲಗೆಯ ಬಾವಿಯ ಅಂಚಿನಲ್ಲಿ ನಿಂತು ನೋಡುತ್ತೇವೆ, ಹಾಗಾಗಿ ಪಾಳಿಯ ಭಯ ಕಡಿಮೆ. ಬಾವಿಯ ತ್ರಿಜ್ಯ 5 ಮೀಟರ್, ಟೈರಿಗೂ ಹಲಗೆಗೂ ಒಳ್ಳೆಯ ಹಿಡಿತ ಇದೆ ಎಂದುಕೊಂಡರೆ, ಬೈಕು ಕೆಳಗೆ ಜಾರದಿರಲು ತಾಸಿಗೆ 30 ಕಿಲೋಮೀಟರಿನ ಹತ್ತಿರದ ವೇಗವಾದರೂ ಬೇಕು. ಸವಾರರು ಅದಕ್ಕಿಂತ ಜೋರಾಗಿಯೇ ಓಡಿಸುತ್ತಾರೆ. ಬೈಕು ಹಾದುಹೋದಾಗ ಕಾಲ ಕೆಳಗಿನ ಹಲಗೆ ನಡುಗುವುದು ಸಹಜ. ಕೂಸನ್ನು ಕಟಾಂಜನದ ಮೇಲೆ ಕೂರಿಸುವುದು ಮಾತ್ರ ಬೇಡವೇ ಬೇಡ, ಸವಾರನಿಗೆ ಕೊಡಲು ನೋಟು ಹಿಡಿದು ಒಳಗೆ ಬಗ್ಗುವುದೂ ಬೇಡ.

7ರ ಮೇಲೆ ಉಳಿದ ಆಟ ಇದ್ದರೆ ನಾಟಕ ಕಂಪನಿಗಳ ಬೋರ್ಡಿನಲ್ಲಿ ಪ್ರದರ್ಶನದ ವೇಳೆ ನೋಡಿಕೊಳ್ಳಿ. ನಾಟಕ ಶುರುವಾದ ಹದಿನೈದು ನಿಮಿಷಕ್ಕೆ ಪಾಳಿ ಕರಗುತ್ತದೆ, ಬಿಟ್ಟ ಕೂಡಲೇ ಡೇರೆಯ ಮಂದಿಯೆಲ್ಲ ಆಟದ ಕಡೆಗೇ ಬರುತ್ತಾರೆ.

ಹತ್ತುವ ಮೊದಲು ನೋಡುವುದು

ಪಾರ್ಕುಗಳಲ್ಲಿ ಎತ್ತರದ ಗೆರೆ ಹಾಕಿರುತ್ತಾರೆ, ದೊಡ್ಡ ಆಟಕ್ಕೆ ಸಾಮಾನ್ಯವಾಗಿ 140 ಸೆಂಟಿಮೀಟರ್. ಜಾತ್ರೆಯಲ್ಲಿ ಗೆರೆ ಇಲ್ಲದ ಕಡೆ ಮೂರು ಗುರುತು ನೋಡಿ: ಬೆನ್ನು ಆಸರೆಗೆ ತಾಗಬೇಕು, ಪಾದ ನೆಲಕ್ಕೆ ತಾಗಬೇಕು, ಅಡ್ಡಪಟ್ಟಿ ತೊಡೆಗೆ ತಾಗಬೇಕು.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ, ಅಲ್ಲೇ ತಪ್ಪು ನಡೆಯುವುದು. ಇಬ್ಬರಿಗೂ ಒಂದೇ ಅಡ್ಡಪಟ್ಟಿ ಇದ್ದಾಗ ಅದು ದಪ್ಪ ಇರುವವರ ತೊಡೆಗೆ ತಾಗಿ ಅಲ್ಲೇ ನಿಲ್ಲುತ್ತದೆ. ಅಪ್ಪನ ಪಕ್ಕ ಕೂತ ಏಳು ವರ್ಷದ ಮಗುವಿನ ತೊಡೆಗೂ ಪಟ್ಟಿಗೂ ಒಂದು ಗೇಣು ಸಂದು ಉಳಿಯುತ್ತದೆ. ಮಗು ದೊಡ್ಡವರ ಪಕ್ಕ ಇದೆ, ಸುರಕ್ಷಿತವಾಗಿದೆ ಎಂದು ನಾವು ನಂಬುತ್ತೇವೆ. ನಿಜದಲ್ಲಿ ಅದನ್ನು ಹಿಡಿದಿಟ್ಟಿರುವುದು ಅಪ್ಪನ ಕೈ ಮಾತ್ರ. ಅಂಥ ಮಗುವಿಗೆ ಆ ಆಟ ಮುಂದಿನ ವರ್ಷಕ್ಕೆ. ಪಟ್ಟಿ ಬಿದ್ದ ಮೇಲೆ ಎರಡೂ ಕೈಯಿಂದ ಒಮ್ಮೆ ಮೇಲಕ್ಕೆ ಎತ್ತಿ ನೋಡಿ, ಏಳಬಾರದು. ಪಿನ್ನು ಕಣ್ಣಿಗೆ ಕಾಣಬೇಕು; ಪಿನ್ನಿನ ಜಾಗದಲ್ಲಿ ತಂತಿ ಸುತ್ತಿದ್ದರೆ ಇಳಿದುಬಿಡಿ, ಟಿಕೆಟ್ಟಿನ ದುಡ್ಡು ಹೋದರೆ ಹೋಗಲಿ.

ಸೆರಗು ಸೊಂಟಕ್ಕೆ ಸಿಗಿಸಿ, ಓಢಣಿ ತೆಗೆದು ಚೀಲಕ್ಕೆ ಹಾಕಿ, ಉದ್ದ ಜಡೆ ಸುತ್ತಿ ಕಟ್ಟಿ. ಗಾಳಿಗೆ ಹಾರಿದ ಬಟ್ಟೆ, ಕೂದಲು ತಿರುಗುವ ಅಚ್ಚಿಗೆ ಸುತ್ತಿಕೊಂಡರೆ ಮೋಟರು ನಿಲ್ಲುವಷ್ಟರಲ್ಲಿ ಅನಾಹುತ ಆಗಿರುತ್ತದೆ.

ಕೆಳಗೂ ಕಣ್ಣು ಹಾಯಿಸಿ. ಎರಿ ನೆಲ (ಕಪ್ಪು ಮಣ್ಣು) ತೇವ ಇದ್ದಾಗ ಮೆತ್ತಗಾಗುತ್ತದೆ. ಆಟದ ಕಂಬಗಳ ಕಾಲುಗಳ ಕೆಳಗೆ ಮರದ ದಿಮ್ಮಿ ಪೂರ್ತಿ ಕೂತಿರಬೇಕು. ಆಟ ನಡೆಯುವಾಗ ದಿಮ್ಮಿ ಮೇಲೆ ಕೆಳಗೆ ಆಡುತ್ತಿದ್ದರೆ ಆ ದಿನ ಅದು ನಮ್ಮ ಪಟ್ಟಿಯಲ್ಲಿ ಇಲ್ಲ. ಹತ್ತುವ ಮೊದಲು ಒಂದು ಸುತ್ತು ಪೂರ್ತಿ ಹೊರಗೆ ನಿಂತು ನೋಡುವುದಕ್ಕೆ 7 ನಿಮಿಷ ಕೊಡಿ. ಆಪರೇಟರ್ ಬ್ರೇಕಿನ ಹತ್ತಿರವೇ ಇರುತ್ತಾನೋ, ಫೋನ್ ಹಿಡಿದು ಓಡಾಡುತ್ತಾನೋ ಎಂಬುದೂ ಆಗಲೇ ಗೊತ್ತಾಗುತ್ತದೆ. ಜನರೇಟರ್ ನಿಂತು ತೊಟ್ಟಿಲು ಮೇಲೆಯೇ ನಿಂತರೆ ಎದ್ದು ನಿಲ್ಲಬೇಡಿ, ಬುಟ್ಟಿ ಅಲುಗಿಸಬೇಡಿ.

2027ಕ್ಕೆ ಬಾಕಿ

ಹುಣ್ಣಿಮೆ ಜನವರಿ 22, ಶುಕ್ರವಾರ. ಸಂಕ್ರಮಣ ಈ ಸಲ ತೇರಿಗೆ ಮೊದಲೇ ಮುಗಿದಿರುತ್ತದೆ. 23, 24 ಶನಿವಾರ, ಭಾನುವಾರ. 26 ಮಂಗಳವಾರ, ರಜೆಯೂ ದೇವಿಯ ವಾರವೂ ಒಂದೇ ದಿನ. ಹಾಗಾಗಿ 27 ಬುಧವಾರ, ತಪ್ಪಿದರೆ 28 ಗುರುವಾರ. 5ರಿಂದ 6.30ರ ಸಂದು ಶಾಲೆ ಇರುವ ದಿನವೂ ರಜೆಯ ದಿನವೂ ಒಂದೇ ಇರುತ್ತದೆಯೇ ಎಂದು ಅಳೆಯಬೇಕಿದೆ. ಒಬ್ಬರು 4 ಗಂಟೆಯಿಂದ ಕಾಲು ತಾಸಿಗೊಮ್ಮೆ ಮೂರೂ ದೊಡ್ಡ ಆಟಗಳ ಪಾಳಿಯ ತಲೆ ಎಣಿಸುವುದು, ಇನ್ನೊಬ್ಬರು ತೊಟ್ಟಿಲಿನ ಪಕ್ಕ ನಿಂತು ಬುಟ್ಟಿ ಬದಲಾಗುವ ಸೆಕೆಂಡು ಬರೆದುಕೊಳ್ಳುವುದು. ಬರೆಯಲು ಪೆನ್ಸಿಲ್ಲೇ ಇರಲಿ. ಧೂಳಿಗೆ ಪೆನ್ನು ಎರಡು ಸಲ ಕೈಕೊಟ್ಟಿದೆ.