‘ಫೋಕ್ಸ್’ ಅಂದರೆ ಎಷ್ಟು ಮಂದಿ?

ಆನೆಗುಂದಿಯ ಒಂದು ಹೋಮ್‌ಸ್ಟೇಯಲ್ಲಿ ನನಗೆ ಇದು ಆರನೇ ವರ್ಷ. ಹೆಸರಿಗೆ ಮ್ಯಾನೇಜರ್. ಬುಕಿಂಗ್ ಬರೆದುಕೊಳ್ಳುವುದು, ಕೀಲಿ ಕೊಡುವುದು, ಹೊಸಪೇಟೆ ಸ್ಟೇಷನ್ನಿಗೆ ಗಾಡಿ ಕಳಿಸುವುದು, ಬೋರಿನ ಮೋಟರ್ ಕೈಕೊಟ್ಟರೆ ಮೆಕ್ಯಾನಿಕ್‌ಗೆ ಫೋನ್ ಹಚ್ಚುವುದು, ಎಲ್ಲ ನಾನೇ. ಓದಿದ್ದು ಗಂಗಾವತಿಯಲ್ಲಿ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ, ಆಮೇಲೆ ಬಿ.ಕಾಂ. ಇಂಗ್ಲಿಷ್ ಕಲಿತದ್ದು ಪುಸ್ತಕದಿಂದ ಕಡಿಮೆ, ಗೆಸ್ಟುಗಳಿಂದ ಜಾಸ್ತಿ. ಹಾಗೆ ಕಲಿತರೆ ಮಾತು ಬೇಗ ಬಾಯಿಗೆ ಬರುತ್ತದೆ. ಆದರೆ ಯಾವ ಪದಕ್ಕೆ ಎಷ್ಟು ತೂಕ ಅಂತ ತಿಳಿಯಬೇಕಾದರೆ ಒಂದೆರಡು ಸಲ ಎಡವಲೇಬೇಕು. ನಾನು ಎಡವಿದ್ದು ‘ಫೋಕ್ಸ್’ ಅನ್ನುವ ಪದಕ್ಕೆ.

ನಮ್ಮಲ್ಲಿ ಸೀಸನ್ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ. ಹಂಪಿ ನೋಡುವವರು ಹೊಳೆ ಆಚೆ ಇಳಿದುಕೊಂಡರೆ, ಬಂಡೆ ಹತ್ತುವವರು ಈಚೆ ನಮ್ಮ ಕೊಪ್ಪಳ ಜಿಲ್ಲೆಯ ಕಡೆಗೇ ಬರುತ್ತಾರೆ. ಬಿದ್ದರೆ ಪೆಟ್ಟಾಗದ ಹಾಗೆ ಕೆಳಗೆ ಹಾಸಿಕೊಳ್ಳುವ, ಹಾಸಿಗೆಯಂಥ ದಪ್ಪ ಪ್ಯಾಡ್ ಬೆನ್ನಿಗೆ ಕಟ್ಟಿಕೊಂಡು ಬೆಳಗಿನ ಜಾವ ಹೊರಟುಬಿಡುತ್ತಾರೆ. ಬಿಸಿಲೇರಿದರೆ ನಮ್ಮ ಬಂಡೆ ಹಂಚಿನ ಹಾಗೆ ಕಾಯುತ್ತದೆ, ಕೈ ಇಡಲಾಗುವುದಿಲ್ಲ. ನಮ್ಮ ಓಣಿಯ ಹುಡುಗರು ಅವರಿಗೆ ‘ಹಾಸಿಗಿ ಮಂದಿ’ ಅಂತ ಹೆಸರಿಟ್ಟಿದ್ದಾರೆ.

ಅಂಥ ಹಾಸಿಗೆ ಮಂದಿಯಲ್ಲಿ ಅಮೆರಿಕದ ಒಬ್ಬ ಹುಡುಗಿ ಇದ್ದಳು. ಮೂರು ವಾರ ನಮ್ಮಲ್ಲೇ ಉಳಿದಿದ್ದಳು. ಯಾರನ್ನು ಕಂಡರೂ ‘ಹಾಯ್ ಗಾಯ್ಸ್’ ಅನ್ನುವುದು ರೂಢಿ. ಒಂದು ದಿನ ಬಂಡೆಯಿಂದ ಜಾರಿ ಕಾಲು ಉಳುಕಿಸಿಕೊಂಡು, ಕುಂಟುತ್ತಾ ಒಳಗೆ ಬಂದವಳು ಅಡುಗೆಮನೆ ಮುಂದೆ ನಿಂತು ಹಾಗೇ ಅಂದಳು. ನಮ್ಮ ಅಡುಗೆ ಅಕ್ಕ ಗಾಬರಿಯಾಗಿ ಅರಿಶಿಣದ ಡಬ್ಬಿ ಹಿಡಿದು ಓಡಿಬಂದರು. "ಎಲ್ಲಿ ಗಾಯ ಆಗೈತವ್ವಾ?"

ಅದೇ ಸಂಜೆ ಆ ಹುಡುಗಿ ನನ್ನ ಟೇಬಲ್ ಹತ್ತಿರ ಬಂದು, "ಮೈ ಫೋಕ್ಸ್ ಆರ್ ಕಮಿಂಗ್ ಆನ್ ಫ್ರೈಡೇ. ಕ್ಯಾನ್ ಯು ಪುಟ್ ದೆಮ್ ಅಪ್?" ಅಂದಳು. "ನೋ ಪ್ರಾಬ್ಲಮ್" ಅಂದೆ. ಎಷ್ಟು ಜನ ಅಂತ ಕೇಳಲಿಲ್ಲ. ಯಾಕೆ ಕೇಳಲಿಲ್ಲ ಅಂದರೆ, ನನಗೆ ಆ ಪದ ಗೊತ್ತಿದೆ ಅಂತ ನಂಬಿದ್ದೆ. ಬುಕಿಂಗ್ ಕಂಪನಿಯವರ ಮೇಲ್‌ಗಳೆಲ್ಲ ‘ಹಾಯ್ ಫೋಕ್ಸ್’ ಅಂತಲೇ ಶುರುವಾಗುತ್ತವೆ. ಅಂದರೆ ಗುಂಪು. ಬಂಡೆ ಹತ್ತುವವಳ ಗುಂಪು ಅಂದರೆ ಇನ್ನಷ್ಟು ಬಂಡೆ ಹತ್ತುವವರು. ಹಿಂದಿನ ವರ್ಷ ಹಾಗೆ ಎಂಟು ಜನ ಬಂದಿದ್ದರು.

ಲೆಕ್ಕ ಮುಗಿಯಿತು. ಮೇಲಿನ ಹಾಲ್‌ನಲ್ಲಿ ಎಂಟು ಹಾಸಿಗೆ ಹಾಸಿಸಿದೆ. ಕೆಳಗಿದ್ದ ಕೊನೇ ರೂಮನ್ನು ಪುಣೆಯ ಒಬ್ಬರಿಗೆ ಕೊಟ್ಟುಬಿಟ್ಟೆ. ಅಕ್ಕನಿಗೆ ಹತ್ತು ಮಂದಿಗೆ ಅಡುಗೆ ಅಂತ ಹೇಳಿದೆ. ಸ್ಟೇಷನ್ನಿಗೆ ಕಾರು ಸಾಲುವುದಿಲ್ಲ ಅಂತ ಕ್ರೂಸರ್ ಗೊತ್ತುಮಾಡಿದೆ. ರೂಮ್ ಗುಡಿಸುವ ಹುಡುಗನಿಗೆ ‘ಫೋಕ್ಸ್ ಬರ್ತಾರೆ’ ಅಂದಾಗ ಅವನು ಪಾಪ, "ಡೊಳ್ಳು ತರ್ತಾರೇನ್ರೀ?" ಅಂದ. ಅವನಿಗೆ ಗೊತ್ತಿದ್ದದ್ದು ಶಾಲೆಯ ಗ್ಯಾದರಿಂಗ್‌ನ ಫೋಕ್ ಡ್ಯಾನ್ಸ್. ಆವತ್ತು ನಕ್ಕೆ. ಆದರೆ ಮೂಲಕ್ಕೆ ಹೋದರೆ ಅವನ ಊಹೆ ನನ್ನದಕ್ಕಿಂತ ಕೆಟ್ಟದ್ದೇನಲ್ಲ.

ಶುಕ್ರವಾರ ಬೆಳಗ್ಗೆ ಕ್ರೂಸರ್ ಅಣ್ಣನ ಫೋನ್. "ಟ್ರೇನ್ ಬಂದು ಮುಕ್ಕಾಲು ತಾಸು ಆತು. ಇಲ್ಲಿ ಇಬ್ರು ವಯಸ್ಸಾದೋರು ಅದಾರ, ಗಂಡ ಹೆಂಡ್ತಿ. ಉಳಿದೋರು ಯಾವಾಗ ಬರ್ತಾರ?"

ಉಳಿದವರು ಇರಲೇ ಇಲ್ಲ. ‘ಮೈ ಫೋಕ್ಸ್’ ಅಂದರೆ ಅವಳ ಅಪ್ಪ ಅಮ್ಮ.

ಕಡೇಬಾಗಿಲು ಅನ್ನುವ ಊರು ದಾಟಿ ಗಾಡಿ ನಮ್ಮ ಅಂಗಳಕ್ಕೆ ಬಂದು ನಿಂತಾಗ ನಾನು ಬಾಗಿಲಲ್ಲೇ ಇದ್ದೆ. ಅಮ್ಮನಿಗೆ ಎಪ್ಪತ್ತು ದಾಟಿರಬೇಕು. ಒಂದು ಮೊಣಕಾಲಿಗೆ ಪಟ್ಟಿ, ಕೈಯಲ್ಲಿ ಕೋಲು. ಎತ್ತರದ ಕ್ರೂಸರಿನಿಂದ ಇಳಿಸಲು ಇಬ್ಬರು ಹಿಡಿಯಬೇಕಾಯಿತು. ಇಳಿದವರು ಮೊದಲು ನನ್ನನ್ನು ನೋಡಿ ನಕ್ಕರು. ಆಮೇಲೆ ನನ್ನ ಹಿಂದಿದ್ದ ಕಲ್ಲಿನ ಮೆಟ್ಟಿಲು ನೋಡಿದರು. ಹದಿನಾಲ್ಕು ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ನಗು ಹಾಗೇ ಇತ್ತು, ಕೋಲು ಮಾತ್ರ ಒಂದು ಸಲ ಗಟ್ಟಿಯಾಗಿ ನೆಲಕ್ಕೆ ಊರಿತು. ನನಗೆ ಆ ಸದ್ದು ಇನ್ನೂ ಕೇಳಿಸುತ್ತದೆ.

ಹೋಮ್‌ಸ್ಟೇ ಯಜಮಾನರು ಒಂದು ಮಾತೂ ಆಡಲಿಲ್ಲ. ತಮ್ಮ ಆಫೀಸ್ ಕೋಣೆಯ ಟೇಬಲ್ಲು, ರಿಜಿಸ್ಟರು, ಲಕ್ಷ್ಮಿ ಫೋಟೋ ಎಲ್ಲ ಪಡಸಾಲೆಗೆ ತಂದಿಟ್ಟು ಅಲ್ಲಿ ಎರಡು ಮಂಚ ಹಾಕಿಸಿದರು. ನಾಲ್ಕು ದಿನ ನಾನು ಪಡಸಾಲೆಯಲ್ಲೇ ಕೂತು ಕೀಲಿ ಕೊಟ್ಟೆ. ಅಡುಗೆ ಅಕ್ಕ ಮಾತ್ರ ಆರಾಮಾಗಿದ್ದರು. ತಟ್ಟಿದ್ದು ಖಟಕ ರೊಟ್ಟಿ, ವಾರ ಇಟ್ಟರೂ ಕೆಡುವುದಿಲ್ಲ. ಎಣ್ಣೆಗಾಯಿ ಮಾತ್ರ ಎರಡು ಹೊತ್ತು ನಾವೇ ತಿಂದೆವು.

ನಾನು ಪೇಚಾಡುವುದನ್ನು ನೋಡಿ ಅಕ್ಕನೇ ಕೊನೆಗೆ ಹೇಳಿದರು: "ಅದಕ್ಯಾಕ ಅಷ್ಟು ತಲಿ ಕೆಡಿಸ್ಕೊಂತಿ? ನಾಳೆ ನಾನು ‘ನಮ್ಮ ಮನ್ಯಾಗಿನೋರು ಬರ್ತಾರ’ ಅಂದ್ರ ಹತ್ತು ಹಾಸಿಗಿ ಹಾಸ್ತೀಯೇನು? ಬರಾವ ಒಬ್ಬನ, ನನ್ನ ಗಂಡ!"

ಹೌದಲ್ವಾ! ಬಹುವಚನದ ಪದ, ಬರುವವರು ಒಬ್ಬರೇ. ನಮ್ಮ ಮಾತಿನಲ್ಲೇ ಇರುವ ಚಾಳಿ ಇಂಗ್ಲಿಷ್‌ನಲ್ಲೂ ಇರಬಹುದು ಅಂತ ನನಗೆ ಹೊಳೆದೇ ಇರಲಿಲ್ಲ.

ಆ ತಾಯಿ ಲೈಬ್ರರಿಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಗಂಡ, ಮಗಳು ಊರು ಸುತ್ತಲು ಹೋದರೆ ಇವರು ಕಟ್ಟೆ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ನಾನು ಸುಮ್ನೆ ಹೋಗಿ ಪಕ್ಕದಲ್ಲಿ ಕೂತು ಕೇಳುತ್ತಿದ್ದೆ. ಮೊದಲ ಪಾಠ ಉಚ್ಚಾರದ್ದು. ಬರೆಯುವಾಗ ನಡುವೆ ‘ಲ’ಕಾರ ಇದೆ, ಹೇಳುವಾಗ ಇಲ್ಲ. ‘ಫೋಕ್ಸ್’ ಅಷ್ಟೇ. ಜರ್ಮನ್ ಭಾಷೆಯ ‘ಫೋಲ್ಕ್’ ಇದರ ದಾಯಾದಿ, ಅವರು ‘ಲ’ಕಾರ ನುಂಗುವುದಿಲ್ಲ. ಫೋಕ್ಸ್‌ವ್ಯಾಗನ್ ಕಾರಿನ ಹೆಸರಿನಲ್ಲಿರುವುದೂ ಅದೇ: ಜನರ ಗಾಡಿ. ನಮ್ಮ ಹುಡುಗನ ಡೊಳ್ಳಿನ ಫೋಕ್ ಕೂಡ ಇದೇ ಮನೆಯದು. 1846ರಲ್ಲಿ ವಿಲಿಯಂ ಥಾಮ್ಸ್ ಎಂಬ ಇಂಗ್ಲೆಂಡಿನವರು ‘ಫೋಕ್‌ಲೋರ್’ ಅನ್ನುವ ಪದ ಕಟ್ಟಿದರು. ನಾವು ಈಗ ಜಾನಪದ ಅನ್ನುವುದು ಅದಕ್ಕೇ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸಿತು. ‘ಫೋಕ್’ ಅಂದರೇನೇ ಜನ. ಅದಕ್ಕೆ ‘ಎಸ್’ ಅಂಟಿಸುವ ಅಗತ್ಯವೇ ಇರಲಿಲ್ಲ. ಹಳ್ಳಿಯವರು, ಪೇಟೆಯವರು ಅನ್ನುವಾಗ ಈಗಲೂ ‘ಕಂಟ್ರಿ ಫೋಕ್’, ‘ಸಿಟಿ ಫೋಕ್’ ಅನ್ನುವವರಿದ್ದಾರೆ. ಆದರೂ ಬಾಯಿಗೆ ರೂಢಿಯಾದದ್ದು ‘ಫೋಕ್ಸ್’. ನಾವು ‘ಜನ ಬಂದರು’ ಅಂದರೆ ಸಾಕಾಗುವ ಕಡೆ ‘ಜನಗಳು ಬಂದರು’ ಅನ್ನುವುದಿಲ್ವಾ, ಹಾಗೆ. ಒಬ್ಬನನ್ನು ತೋರಿಸಿ ‘ಎ ಫೋಕ್’ ಅನ್ನುವಂತಿಲ್ಲ, ಒಬ್ಬನಿಗೆ ನಾವು ‘ಒಂದು ಜನ’ ಅನ್ನದ ಹಾಗೆ.

ಅವರು ಹೇಳಿದ ಒಂದೊಂದು ವಾಕ್ಯವನ್ನೂ ನಾನು ನಮ್ಮ ಮಾತಿಗೆ ಹೊಂದಿಸಿ ನೋಡುತ್ತಿದ್ದೆ. ಪ್ರತಿ ಸಲವೂ ಸಿಕ್ಕಿದ್ದು ಒಂದೇ ಪದ: ಮಂದಿ. ಮೈಸೂರು ಕಡೆಯವರು ಮಂದಿ ಅಂದರೆ ಮುಂದೊಂದು ಸಂಖ್ಯೆ ಇಟ್ಟುಕೊಳ್ಳುತ್ತಾರೆ, ಹತ್ತು ಮಂದಿ, ನೂರು ಮಂದಿ ಅಂತ. ನಮ್ಮ ಕಡೆ ಅದಕ್ಕೆ ಸಂಖ್ಯೆಯ ಆಸರೆ ಬೇಡ. ‘ಫೋಕ್ಸ್ ಸೇ’ ಅಂದರೆ ‘ಮಂದಿ ಅಂತಾರ’. ‘ಸಮ್ ಫೋಕ್ಸ್’ ಅಂದರೆ ‘ಕೆಲವು ಮಂದಿ’. ಮಜಾ ಇರುವುದು ಅಕ್ಕಪಕ್ಕದ ಪದದಲ್ಲಿ. ‘ನಮ್ಮ ಮಂದಿ’ ಅಂದರೆ ಕರುಳಿನವರು. ‘ಮಂದಿ ಮಕ್ಕಳು’ ಅಂದರೆ ಬೇರೆಯವರ ಮಕ್ಕಳು. ಅದೇ ಮಂದಿ, ಒಂದು ಕಡೆ ನಮ್ಮವರು, ಇನ್ನೊಂದು ಕಡೆ ಹೊರಗಿನವರು. ಫೋಕ್ಸ್ ಕೂಡ ಹಾಗೇ ಬಣ್ಣ ಬದಲಿಸುತ್ತದೆ. ‘ಮೈ’ ಸೇರಿದರೆ ಅಪ್ಪ ಅಮ್ಮ. ‘ಹೌ ಆರ್ ಯುವರ್ ಫೋಕ್ಸ್?’ ಅಂದರೆ ‘ಅಪ್ಪ ಅವ್ವ ಹೆಂಗದಾರ?’ ಕೆಲವೊಮ್ಮೆ ಮನೆಮಂದಿ ಎಲ್ಲರೂ ಸೇರುತ್ತಾರಂತೆ, ‘ದ ಫೋಕ್ಸ್ ಬ್ಯಾಕ್ ಹೋಮ್’ ಅಂದಾಗ. ‘ಹಾಯ್’ ಸೇರಿದರೆ ಎದುರಿಗೆ ಇರುವವರೆಲ್ಲ. ‘ದೋಸ್’ ಸೇರಿದರೆ ಆ ಕಡೆಯವರು. ನಾನು ಹಿಂದಿನ ಪದ ಬಿಟ್ಟು ಬರೀ ಫೋಕ್ಸ್ ಕೇಳಿಸಿಕೊಂಡಿದ್ದೆ. ಎಂಟು ಹಾಸಿಗೆ ಅದಕ್ಕೆ ತೆತ್ತ ದಂಡ.

ಗಾಯ್ಸ್ ಕಥೆಯನ್ನೂ ಅವರೇ ಹೇಳಿದರು, ಅಕ್ಕನ ಅರಿಶಿಣದ ಪ್ರಸಂಗ ಕೇಳಿ ಹೊಟ್ಟೆ ಹಿಡಿದು ನಕ್ಕಾದ ಮೇಲೆ. 1605ರ ನವೆಂಬರ್ 5ರಂದು ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದ ಕೆಳಗೆ, ಅದನ್ನು ಉಡಾಯಿಸಲು ಇಟ್ಟಿದ್ದ ಸಿಡಿಮದ್ದಿನ ಪೀಪಾಯಿಗಳ ಜೊತೆ ಸಿಕ್ಕಿಬಿದ್ದವನು ಗಾಯ್ ಫಾಕ್ಸ್. ವರ್ಷ ವರ್ಷ ಅದೇ ದಿನ ಅವನ ಗೊಂಬೆ ಮಾಡಿ ಸುಡತೊಡಗಿದರು. ಹರಕು ಬಟ್ಟೆಯ ಆ ಗೊಂಬೆಗೂ ‘ಗಾಯ್’ ಅಂದರು. ಆಮೇಲೆ ವಿಚಿತ್ರ ಬಟ್ಟೆ ತೊಟ್ಟವನೂ ಗಾಯ್ ಆದ. ಅಮೆರಿಕಕ್ಕೆ ಹೋಗಿ ಯಾವ ಗಂಡಸಾದರೂ ಗಾಯ್ ಆದ. ಈಗ ಹೆಂಗಸರ ಗುಂಪಿಗೂ ‘ಯು ಗಾಯ್ಸ್’ ಅನ್ನುತ್ತಾರೆ. ಗಂಡಸಿನ ವಾಸನೆ ಇನ್ನೂ ಹೋಗಿಲ್ಲ ಅಂತ ಎಷ್ಟೋ ಆಫೀಸುಗಳಲ್ಲಿ ಅದನ್ನು ಬಿಟ್ಟು ‘ಫೋಕ್ಸ್’ ಹಿಡಿದಿದ್ದಾರೆ. ನನ್ನ ಮೇಲ್‌ಬಾಕ್ಸ್ ತುಂಬಾ ‘ಹಾಯ್ ಫೋಕ್ಸ್’ ತುಂಬಿದ್ದರ ಗುಟ್ಟು ಅದು.

ಇಷ್ಟು ಕಲಿತ ಮೇಲೆ ಜಾಣನಾಗಬೇಕಿತ್ತು. ಆಗಲಿಲ್ಲ. ಹೊಸ ಅಂಗಿ ಸಿಕ್ಕ ಹುಡುಗನ ಹಾಗೆ ಎಲ್ಲ ಕಡೆಯೂ ಫೋಕ್ಸ್ ಹಾಕಿಕೊಂಡು ತಿರುಗಿದೆ. ಆಫೀಸ್ ಕೋಣೆಯನ್ನು ವಯಸ್ಸಾದವರಿಗೇ ಮೀಸಲು ಮಾಡೋಣ ಅಂತ ಯಜಮಾನರು ಹೇಳಿದಾಗ, ಕೀಲಿಯ ಬಿಲ್ಲೆ ಮೇಲೆ ‘ಓಲ್ಡ್ ಫೋಕ್ಸ್ ರೂಮ್’ ಅಂತ ಬರೆಸಿದೆ. ಮುಂದಿನ ತಿಂಗಳು ಬಂದ ಕೋಲ್ಕತ್ತಾದ ಅಜ್ಜಿಯೊಬ್ಬರು ಬಿಲ್ಲೆ ಓದಿ, ಕೀಲಿಯನ್ನು ಹಾಗೇ ಟೇಬಲ್ ಮೇಲೆ ಇಟ್ಟು, ‘ಬೇರೆ ರೂಮ್ ಕೊಡಿ’ ಅಂದರು. ತಪ್ಪು ಅವರದಲ್ಲ. ಮನೆಯಲ್ಲಿ ಪ್ರೀತಿಯಿಂದ ‘ನಮ್ಮ ಮುದುಕರು’ ಅನ್ನಬಹುದು. ಬಾಗಿಲಿಗೆ ‘ಮುದುಕರ ಕೋಣೆ’ ಅಂತ ಬೋರ್ಡ್ ಹಾಕಿದರೆ ಯಾರು ಒಳಗೆ ಹೋಗುತ್ತಾರೆ? ಈಗ ಆ ಬಿಲ್ಲೆ ಮೇಲೆ ‘ತುಂಗಾ’ ಅಂತ ಇದೆ.

ಅದಕ್ಕಿಂತ ದುಬಾರಿಯಾದದ್ದು ಇನ್ನೊಂದು. ಡಿಸೆಂಬರ್ ಚಳಿಯಲ್ಲಿ ಗೀಸರ್ ಸುಟ್ಟುಹೋಯಿತು. ಎರಡು ಸಂಸಾರಗಳು ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದರು, ಬೆಳಗ್ಗೆ ಐದಕ್ಕೆ ಎದ್ದು ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರು. ರಾತ್ರಿ ಸಿಟ್ಟಿನಿಂದ ಮೆಸೇಜ್ ಹಾಕಿದರು. ನಾನು ಉತ್ತರ ಬರೆದೆ: "ಸಾರಿ ಫೋಕ್ಸ್, ನೋ ಹಾಟ್ ವಾಟರ್ ಟುಡೇ." ಅವರ ಸಿಟ್ಟು ಎರಡು ಪಟ್ಟಾಯಿತು. ನನಗೆ ಅರ್ಥವಾಗಲಿಲ್ಲ. ಸಾರಿ ಅಂದಿದ್ದೇನಲ್ಲ?

ಯಜಮಾನರು ಮೆಸೇಜ್ ಓದಿ ಕೇಳಿದರು. "ಅವರ ಮುಂದ ನಿಂತು ಕನ್ನಡದಾಗ ಹಿಂಗ ಅಂತಿದ್ದೇನು? ‘ಸಾರಿ ಕಣ್ರೆಪಾ, ಇವತ್ತು ಬಿಸಿನೀರು ಇಲ್ಲ ನೋಡ್ರೆಪಾ’ ಅಂತ?"

ಅನ್ನುತ್ತಿರಲಿಲ್ಲ. ಆ ‘ರೆಪಾ’ದಲ್ಲಿ ಎಲ್ಲ ಇದೆ. ‘ಬರ್ರೆಪಾ’, ‘ಏನ್ರೆಪಾ’, ‘ನಡೀರೆಪಾ’. ಜೊತೆಗಾರರನ್ನು ಕರೆಯುವಾಗ ಎಷ್ಟು ಚಂದ! ಬಹುವಚನವೂ ಇದೆ, ಸಲಿಗೆಯೂ ಇದೆ. ‘ಅಪ್ಪಾ’ ಒಳಗೇ ಕೂತಿದ್ದರೂ ಗುಂಪಿನಲ್ಲಿ ಹೆಂಗಸರಿದ್ದರೆ ನಡೆಯುತ್ತದೆ, ಬರೀ ಹೆಂಗಸರಿದ್ದರೆ ‘ಏನ್ರೆವ್ವಾ’ ಆಗುತ್ತದೆ. ‘ಹಾಯ್ ಫೋಕ್ಸ್’ಗೆ ಇದಕ್ಕಿಂತ ಹತ್ತಿರದ ಕನ್ನಡ ನನಗೆ ಇನ್ನೂ ಸಿಕ್ಕಿಲ್ಲ. ಆದರೆ ತಣ್ಣೀರಲ್ಲಿ ಮಕ್ಕಳಿಗೆ ಸ್ನಾನ ಮಾಡಿಸಬೇಕಾದ ತಾಯಿಗೆ ಯಾರಾದರೂ ‘ರೆಪಾ’ ಅಂದರೆ ಮೈ ಉರಿಯುವುದಿಲ್ವಾ? ಸಲಿಗೆ ಅಲ್ಲಿ ಸಸಾರವಾಗುತ್ತದೆ. ಇದರಲ್ಲಿ ದೊಡ್ಡವರೂ ತಪ್ಪಿದ್ದಾರೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಒಬಾಮಾ, ಕೈದಿಗಳಿಗೆ ಕೊಟ್ಟ ಚಿತ್ರಹಿಂಸೆಯ ಬಗ್ಗೆ ಮಾತಾಡುತ್ತಾ ‘ವಿ ಟಾರ್ಚರ್ಡ್ ಸಮ್ ಫೋಕ್ಸ್’ ಅಂದುಬಿಟ್ಟರು. ತಪ್ಪು ಒಪ್ಪಿಕೊಂಡ ಮಾತೇ. ಆದರೂ ಅಷ್ಟು ಭಾರದ ವಿಷಯಕ್ಕೆ ಅಷ್ಟು ಹಗುರ ಪದ ಯಾಕೆ ಅಂತ ಜನ ತಿರುಗಿಬಿದ್ದರು.

ಆ ರಾತ್ರಿ ಯಜಮಾನರು ಫೋಕ್ಸ್ ಕಿತ್ತುಹಾಕಿ ಹೊಸ ಮೆಸೇಜ್ ಬರೆಸಿದರು. ಅದರಲ್ಲಿ ಆ ಮನೆಯ ಹಿರಿಯರ ಹೆಸರು ಹಿಡಿದು, ಮುಂದೆ ‘ಮಿಸ್ಟರ್’ ಸೇರಿಸಿ, ಬೆಳಗ್ಗೆ ನಾಲ್ಕೂವರೆಗೆ ಹಂಡೆಯಲ್ಲಿ ನೀರು ಕಾಯಿಸಿ ಬಾಗಿಲಿಗೆ ತರುತ್ತೇವೆ ಅಂತ ಇತ್ತು. ಹಂಡೆ ಒಲೆಗೆ ಸೌದೆ ತುರುಕಿದವನು ನಾನೇ. ಬಕೆಟ್ ತೆಗೆದುಕೊಳ್ಳುವಾಗ ಅವರು ‘ಥ್ಯಾಂಕ್ಸ್’ ಅಂದರು, ಅಷ್ಟೇ.

ಈಗ ನನ್ನ ರಿಜಿಸ್ಟರಿನಲ್ಲಿ ಎರಡು ಹೊಸ ಕಾಲಮ್ ಇವೆ: ‘ಎಷ್ಟು ಮಂದಿ’, ‘ಮೆಟ್ಟಿಲು ಆಗುತ್ತಾ’. ಫೋನ್‌ನಲ್ಲಿ ಯಾರು ಏನೇ ಅನ್ನಲಿ, ಫೋಕ್ಸ್, ಗ್ಯಾಂಗ್, ಫ್ಯಾಮಿಲಿ, ‘ನಮ್ಮವರು’, ಇವೆರಡು ತುಂಬದೆ ನಾನು ಹೂಂ ಅನ್ನುವುದಿಲ್ಲ. ಕೆಲವರು ‘ಎಷ್ಟು ಕೇಳ್ತೀರಿ’ ಅಂತ ಗೊಣಗುತ್ತಾರೆ. ಗೊಣಗಲಿ.

ಹೋದ ವಾರ ಬೆಂಗಳೂರಿನ ಒಬ್ಬ ಹುಡುಗ ಫೋನ್ ಮಾಡಿದ್ದ. "ಸರ್, ಶನಿವಾರ ನಮ್ಮ ಫೋಕ್ಸ್ ಬರ್ತಿದಾರೆ, ರೂಮ್ ಇದೆಯಾ?" ನಾನು ಪೆನ್ ತೆಗೆದು, ಅಪ್ಪ ಅಮ್ಮನಿಗೆ ‘ತುಂಗಾ’ ಕೊಡೋಣ ಅಂದುಕೊಳ್ಳುತ್ತಲೇ ಎಷ್ಟು ಮಂದಿ ಅಂತ ಕೇಳಿದೆ.

"ಹದಿನಾಲ್ಕು ಜನ ಸರ್, ನಮ್ಮ ಆಫೀಸ್ ಟೀಮು. ಒಂದು ನಾಯಿನೂ ಇದೆ."

ಅಡುಗೆಮನೆಗೆ ಹೋಗಿ ಹೇಳಿದೆ. ಅಕ್ಕ ಹಿಟ್ಟು ನಾದುತ್ತಾ ತಲೆ ಎತ್ತದೆ ಅಂದರು, "ನಾಯಿಗೆ ಮೆಟ್ಲು ಆಗ್ತಾವೇನು, ಕೇಳ್ದಿ?"